ಅಪ್ಪನ ಕಡೆಯವರು

ಇನ್ನಂಜೆ
೧೪ ಸೆಪ್ಟೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗ ರೋಹಿತನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನೀನೂ ಸೊಸೆ ತೃಷಾಳೂ ಮಸ್ಕತ್ತಿನಲ್ಲಿ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ ಅಂತ ಬರೆದು ಮುಂದಕ್ಕೆ ಹೋಗುವುದು ಪತ್ರದ ಕ್ರಮ. ನಾನು ಮುಂದಕ್ಕೆ ಹೋಗುವುದಿಲ್ಲ, ಇಲ್ಲೇ ಬ್ರೇಕ್ ಹಾಕಿ ಕೇಳುತ್ತೇನೆ. ನಿನ್ನ ಆರೋಗ್ಯ ಹೇಗಿದೆ? ಆ ಎಡ ಭುಜ ಹೇಗಿದೆ? ಮೇ ತಿಂಗಳಲ್ಲಿ ರಜೆಗೆ ಬಂದಿದ್ದಾಗ ಗ್ಯಾಸ್ ಸಿಲಿಂಡರನ್ನು ಅಂಗಳದಿಂದ ಅಡುಗೆಮನೆಗೆ ತಂದಿಟ್ಟವನು ಬಾಗಿಲ ದಾರಂದ ಹಿಡಿದು ನಿಂತೆಯಲ್ಲ, ಭುಜ ಉಜ್ಜಿಕೊಳ್ಳುತ್ತಾ ‘ಎಂತ ಇಲ್ಲಪ್ಪಾ, ಗ್ಯಾಸ್’ ಎಂದೆಯಲ್ಲ, ಎರಡು ನಿಮಿಷದಲ್ಲಿ ಸರಿಯಾಯಿತಲ್ಲ, ಅದನ್ನೇ ಕೇಳುತ್ತಿರುವುದು. ಆಮೇಲೆ ಜುಲೈಯಲ್ಲಿ ಒಮ್ಮೆ ಫೋನಿನಲ್ಲಿ, ಲಿಫ್ಟ್ ಹಾಳಾಗಿ ನಾಲ್ಕು ಮಾಳಿಗೆ ಹತ್ತಿದಾಗ ದವಡೆ ಹಿಡಿದುಕೊಂಡಿತು, ಎ.ಸಿ. ಗಾಳಿ ಇರಬೇಕು ಎಂದಿದ್ದೆ. ನಾನೂ ಹೌದು, ಎ.ಸಿ. ಗಾಳಿಯೇ ಎಂದಿದ್ದೆ. ಈ ಪತ್ರ ಪೂರ್ತಿ ಆ ಭುಜದ ಮತ್ತು ಆ ದವಡೆಯ ವಿಷಯ. ನಡುವೆ ನಾನು ಎಲ್ಲೆಲ್ಲಿಗೋ ಹೋಗುತ್ತೇನೆ, ಯಾಕೆಂದರೆ ಮೂರು ವಾರದಿಂದ ನನ್ನ ಮಂಡೆ ಸರಿ ಇಲ್ಲ, ಯಾವುದು ಯಾವುದಕ್ಕೆ ಸೇರಿದ್ದು ಎಂದೇ ತಿಳಿಯುತ್ತಿಲ್ಲ. ಆದರೂ ಮಡಚಿ ಇಡಬೇಡ, ಕೊನೆಯ ತನಕ ಓದು.

ಫೋನ್ ಇರುವಾಗ ಪತ್ರ ಯಾಕೆ ಎಂದು ನೀನು ನಗಬಹುದು. ಫೋನಿನಲ್ಲಿ ನಿನ್ನ ಅಮ್ಮ ಸ್ಪೀಕರ್ ಹಾಕಿ ಪಕ್ಕದಲ್ಲೇ ಕುಳಿತಿರುತ್ತಾಳೆ. ಅವಳು ನನ್ನಿಂದ ಒಂದು ಆಣೆ ಹಾಕಿಸಿಕೊಂಡಿದ್ದಾಳೆ. ಹಾಕಿದ್ದು ಫೋನಿನಲ್ಲಿ ಹೇಳುವುದಿಲ್ಲ ಎಂದು, ಬರೆಯುವುದಿಲ್ಲ ಎಂದಲ್ಲ. ಇನ್ನು ನೀನೋ, ಸ್ವಲ್ಪ ಗಂಭೀರದ ಮಾತು ತೆಗೆದರೆ ಸಾಕು, ನಿಮ್ಮ ಮಸ್ಕತ್ತಿನ ನೆಟ್‌ವರ್ಕ್ ಅಲ್ಲೇ ಪ್ರಾಣ ಬಿಡುತ್ತದೆ. ಮನೆಯಲ್ಲಿ ತುಳುವಿನಲ್ಲಿ ಬೈದಾಡಿ, ಕಾಗದ ಹಿಡಿದ ಕೂಡಲೇ ಕನ್ನಡಕ್ಕೆ ಬರುವ ನಮ್ಮ ಅಭ್ಯಾಸದಿಂದ ಒಂದು ಲಾಭ ಇದೆ, ಬರೆಯುವಾಗ ಬೊಬ್ಬೆ ಹೊಡೆಯಲು ಬರುವುದಿಲ್ಲ. ಶಂಕರಪುರದ ಲೆಸ್ಟರ್ ರಜೆ ಮುಗಿಸಿ ಗುರುವಾರ ಮಸ್ಕತ್ತಿಗೆ ಹೊರಡುತ್ತಾನೆ. ಅಮ್ಮ ಅವನ ಕೈಯಲ್ಲಿ ನಿನಗೆ ಕೊಟ್ಟು ಕಳಿಸುವ ಕಟ್ಟಿನಲ್ಲಿ ಇದನ್ನು ಅಡಗಿಸುತ್ತೇನೆ. ಅವಳು ಈಗ ತನ್ನ ಅಣ್ಣನ, ನಿನ್ನ ಧರ್ಮಪಾಲ ಮಾವನ ಮನೆಗೆ ಹೋಗಿದ್ದಾಳೆ, ಸಾಯಂಕಾಲದ ತನಕ ಬರುವುದಿಲ್ಲ. ಅಷ್ಟರೊಳಗೆ ಬರೆದು ಮುಗಿಸಬೇಕು.

ಸುದ್ದಿ ಇಷ್ಟು. ಹೆದರಬೇಡ, ಬರೆಯುತ್ತಿರುವವನು ಬದುಕಿಯೇ ಇದ್ದಾನೆ. ಆಗಸ್ಟ್ ಇಪ್ಪತ್ತೈದರಂದು ನನಗೆ ಹಾರ್ಟ್ ಅಟ್ಯಾಕ್ ಆಯಿತು. ಚೌತಿಯ ದಿನ ನೀನು ಫೋನ್ ಮಾಡಿದಾಗ ‘ಅಪ್ಪ ಬೈಲೂರಿಗೆ ತಂಗಿಯ ಮನೆಗೆ ಹೋಗಿದ್ದಾರೆ’ ಎಂದು ಅಮ್ಮ ಹೇಳಿದಳಲ್ಲ, ಆಗ ನಾನು ಮಣಿಪಾಲದಲ್ಲಿ ಆಸ್ಪತ್ರೆಯ ಮಂಚದ ಮೇಲಿದ್ದೆ. ಒಂದು ಸ್ಟೆಂಟ್ ಹಾಕಿದ್ದಾರೆ. ಬಸ್ಸಿಗೆ ಗ್ಯಾರೇಜಿನಲ್ಲಿ ಕೆಲಸ ಉಂಟು, ಹಾಗಾಗಿ ಮನೆಯಲ್ಲಿದ್ದೇನೆ ಎಂದು ಆಮೇಲೆ ನಾನೇ ನಿನಗೆ ಹೇಳಿದ್ದೂ ಸುಳ್ಳು. ಬಸ್ಸು ಗಟ್ಟಿಮುಟ್ಟಾಗಿ ಓಡುತ್ತಿದೆ, ಕೆಲಸ ಬೇಕಾದದ್ದು ಡ್ರೈವರಿಗೆ. ಮಗ ಹೊಸ ಕಂಪನಿಗೆ ಸೇರಿ ಮೂರು ತಿಂಗಳೂ ಆಗಿಲ್ಲ, ವಿಷಯ ತಿಳಿದರೆ ಎಲ್ಲ ಬಿಟ್ಟು ಓಡಿ ಬರುತ್ತಾನೆ ಎಂಬುದು ಅಮ್ಮನ ವಾದ. ಮೊದಲು ನನಗೂ ಅದು ಸರಿ ಎನಿಸಿತ್ತು, ಈಗ ಎನಿಸುವುದಿಲ್ಲ.

ಅದು ಒಮ್ಮೆಲೇ ಬಂದದ್ದಲ್ಲ, ರೋಹಿತ. ಜುಲೈಯಿಂದ, ಆಟಿ ತಿಂಗಳಿನಿಂದಲೇ ಬಾಗಿಲು ಬಡಿಯುತ್ತಿತ್ತು. ಬೆಳಿಗ್ಗೆ ಮನೆಯಿಂದ ಬಸ್ ನಿಲ್ಲಿಸುವ ಜಾಗಕ್ಕೆ ಹೋಗುವ ಏರಿನಲ್ಲಿ ಎದೆಯ ನಡುವೆ ಬಿಗಿಯುತ್ತಿತ್ತು. ನಿಂತರೆ ಬಿಡುತ್ತಿತ್ತು, ನಡೆದರೆ ಮತ್ತೆ ಹಿಡಿಯುತ್ತಿತ್ತು. ನೋವು ಎನ್ನಲು ಬರುವುದಿಲ್ಲ. ನೋವಾಗಿದ್ದರೆ ಡಾಕ್ಟರ ಹತ್ತಿರ ಹೋಗುತ್ತಿದ್ದೆನೋ ಏನೋ. ಯಾರೋ ಎದೆಯ ಮೇಲೆ ಅಕ್ಕಿಮುಡಿ ಇಟ್ಟ ಹಾಗೆ ಒಂದು ಭಾರ, ಅಷ್ಟೇ. ಅದಕ್ಕೆ ನಾನು ಜೀರಿಗೆ ಕಷಾಯ ಕುಡಿದೆ, ಶುಂಠಿ ಅಗಿದೆ, ಕಾಪುವಿನ ಅಂಗಡಿಯಲ್ಲಿ ದಿನಕ್ಕೆರಡು ಲಿಂಬೆ ಸೋಡಾ ಮುಗಿಸಿದೆ. ನಮ್ಮ ಕಂಡಕ್ಟರ್ ಅಂಗಾರನಿಗೆ ಎಲ್ಲ ಕಾಯಿಲೆಗೂ ಒಂದೇ ಉತ್ತರ, ‘ನಿನ್ನೆ ತಿಂದ ಬಂಗುಡೆ ಫ್ರೈ, ಉಮಾನಾಥಣ್ಣ’. ಎಡಗೈ ಸೆಳೆಯುತ್ತಿತ್ತು, ಮೂವತ್ತೆರಡು ವರ್ಷ ಎಡಗೈಯಲ್ಲಿ ಗೇರ್ ಹಾಕಿದವನಿಗೆ ಎಡಗೈ ಸೆಳೆಯದೆ ಬಲಗೈ ಸೆಳೆಯುತ್ತದೆಯೇ ಎಂದುಕೊಂಡೆ. ಮಧ್ಯಾಹ್ನದ ಊಟ ಆದ ಕೂಡಲೇ ಸ್ಟೀರಿಂಗಿನ ಮೇಲೆ ತಲೆ ಇಟ್ಟು ಮಲಗುವಷ್ಟು ಸುಸ್ತು. ಐವತ್ತೆಂಟು ಆಯಿತಲ್ಲ ಮಾರಾಯ್ರೇ ಎಂದು ಅಮ್ಮ ಹೇಳಿದಳು, ಅದಕ್ಕೂ ಸಮಾಧಾನ ಸಿಕ್ಕಿತು. ಪ್ರತಿಯೊಂದಕ್ಕೂ ನನ್ನ ಹತ್ತಿರ ಒಂದೊಂದು ಕಾರಣ ತಯಾರಿತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ. ನೀನೂ ಭುಜಕ್ಕೆ ಗ್ಯಾಸು, ದವಡೆಗೆ ಎ.ಸಿ. ಎಂದು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೀಯಲ್ಲ, ಅದು ನನ್ನದೇ ಬುದ್ಧಿ.

ಆ ಸೋಮವಾರ ಕಾಪುವಿನಿಂದ ಮಣಿಪಾಲಕ್ಕೆ ಬೆಳಗಿನ ಟ್ರಿಪ್. ಇನ್ನಂಜೆ, ಶಂಕರಪುರ ದಾಟುವಾಗ ಎಡಗೈ ಜೋಮು ಹಿಡಿಯಿತು. ಅಲೆವೂರು ಮುಟ್ಟುವಾಗ ದವಡೆ. ಹೊರಗೆ ಮಳೆ ಸುರಿಯುತ್ತಿತ್ತು, ಗಾಳಿ ತಣ್ಣಗಿತ್ತು, ನನ್ನ ಅಂಗಿ ಮಾತ್ರ ಬೆವರಿನಿಂದ ಒದ್ದೆ. ವಾಕರಿಕೆ ಬೇರೆ. ಆಗಲಾದರೂ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಯಾಕೆಂದರೆ ನಾಲ್ಕು ನಿಮಿಷ ಹಿಂದೆ ಇನ್ನೊಂದು ಬಸ್ಸಿತ್ತು. ನಮ್ಮ ಲೈನಿನ ವಿಷಯ ನಿನಗೆ ಗೊತ್ತು, ಹಿಂದಿನ ಬಸ್ಸು ಕನ್ನಡಿಯಲ್ಲಿ ಕಂಡರೆ ಡ್ರೈವರಿಗೆ ಬೇರೆ ಏನೂ ಕಾಣುವುದಿಲ್ಲ. ಮುಂದಿನ ಎರಡು ಸ್ಟಾಪಿನ ಜನ ಅವನಿಗೆ ಹೋದರೆ ದಿನವಿಡೀ ಅಂಗಾರನ ಮುಖ ನೋಡಲಾಗುವುದಿಲ್ಲ. ಹಾಗೆ ಹತ್ತು ನಿಮಿಷ ಆ ಭಾರ ಹೊತ್ತುಕೊಂಡೇ ಓಡಿಸಿದೆ. ಈಗ ಅದನ್ನು ನೆನೆದರೆ ಹೆದರಿಕೆಯಾಗುತ್ತದೆ, ನನಗಾಗಿ ಅಲ್ಲ, ಹಿಂದೆ ಕುಳಿತಿದ್ದ ನಲವತ್ತು ಜನರಿಗಾಗಿ. ಮಣಿಪಾಲದ ಏರು ಶುರುವಾಗುವಲ್ಲಿ ಕಣ್ಣು ಮಂಜಾಯಿತು. ಎಡಕ್ಕೆ ತೆಗೆದು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಇಂಡಿಕೇಟರ್ ಹಾಕಿದ್ದೂ ನೆನಪಿದೆ.

ಅಂಗಾರ ಕ್ಲಚ್ ಹೋಯಿತು ಎಂದುಕೊಂಡು ಬೈಯಲು ಬಂದ. ನನ್ನ ಹಿಂದಿನ ಸೀಟಿನಲ್ಲಿ ದಿನಾ ಕೂರುವ ಲೊರ್ನಾ ಎಂಬ ಹುಡುಗಿ ಇದ್ದಾಳೆ, ಮಣಿಪಾಲದಲ್ಲಿ ನರ್ಸು. ಅವಳು ಎದ್ದು ಬಂದು ನನ್ನ ಮುಖ ನೋಡಿದ್ದೇ ‘ಅಂಕಲ್, ಏಳಬೇಡಿ, ಅಲ್ಲೇ ಒರಗಿ ಕೂತ್ಕೊಳ್ಳಿ’ ಎಂದಳು. ನಾನು ಗ್ಯಾಸ್ ಎಂದೆ. ‘ಗ್ಯಾಸೋ ಅಲ್ವೋ ಇ.ಸಿ.ಜಿ. ಹೇಳ್ಲಿ, ನೀವು ಹೇಳ್ಬೇಡಿ’ ಎಂದು ಗದರಿಸಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ಆಗ ನಾನು ಹೇಳಿದ ಮಾತು ಕೇಳಿದರೆ ನಿನಗೆ ನಗು ಬರಬಹುದು. ಆಸ್ಪತ್ರೆ ಇಲ್ಲೇ ಮೇಲೆ ಅಲ್ವಾ, ಬಸ್ಸನ್ನು ನಾನೇ ಅದರ ಬಾಗಿಲ ತನಕ ಬಿಡುತ್ತೇನೆ, ಪ್ಯಾಸೆಂಜರೂ ಮುಟ್ಟಿದ ಹಾಗಾಗುತ್ತದೆ ಎಂದೆ. ಅವಳು ಬಗ್ಗಿ ಬಸ್ಸಿನ ಕೀ ಎಳೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. ಮೂವತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಯಾರೂ ಕೀ ಕಿತ್ತದ್ದಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೊಡಿ ಎಂದರೆ ಅಂಗಾರ ತೆರೆದು ತೋರಿಸಿದ. ಒಳಗೆ ಅಗರಬತ್ತಿ, ಬೆಂಕಿಪೊಟ್ಟಣ, ಅವನ ಬಾಚಣಿಗೆ. ಕೊನೆಗೆ ಅವಳೇ ತನ್ನ ಬ್ಯಾಗಿನಿಂದ ಆಸ್ಪಿರಿನ್ ತೆಗೆದಳು. ಈ ಮಾತ್ರೆ ನಿಮಗೆ ಆಗುವುದಿಲ್ಲ ಎಂದು ಯಾರಾದರೂ ಹೇಳಿದ್ದಾರಾ, ರಕ್ತ ಹೋಗುವ ಹೊಟ್ಟೆಹುಣ್ಣು ಏನಾದರೂ ಉಂಟಾ ಎಂದು ಕೇಳಿ, ಇಲ್ಲ ಎಂದ ಮೇಲೆ ಅಗಿದು ನುಂಗಿಸಿದಳು. ಹಿಂದಿನ ಬಸ್ಸಿನವನು ಬಂದು ನಮ್ಮ ಜನರನ್ನೆಲ್ಲ ಹತ್ತಿಸಿಕೊಂಡ. ಹತ್ತಿಸಿಕೊಂಡು ಹೊರಡಲಿಲ್ಲ, ಆಂಬುಲೆನ್ಸ್ ಬರುವ ತನಕ ನನ್ನ ಕಿಟಕಿಗೆ ಕೊಡೆ ಹಿಡಿದು ನಿಂತಿದ್ದ. ಹತ್ತು ವರ್ಷದಿಂದ ಅವನನ್ನು ಬಾಯಿಗೆ ಬಂದಂತೆ ಬೈದವನು ನಾನು.

ಆಸ್ಪತ್ರೆಯಲ್ಲಿ ವಯರು ಅಂಟಿಸುತ್ತಾ ಒಬ್ಬರು ಕೇಳಿದರು, ಕುಟುಂಬದಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತಾ ಎಂದು. ಆ ಸ್ಥಿತಿಯಲ್ಲೂ ನಾನು ಹೆಮ್ಮೆಯಿಂದಲೇ ಹೇಳಿದೆ, ಇಲ್ಲ. ನನ್ನ ಅಜ್ಜಿ ತೊಂಬತ್ತೊಂದು ವರ್ಷ ಬದುಕಿದವರು, ಅಮ್ಮ ಎಂಬತ್ತನಾಲ್ಕು, ಅಮ್ಮನ ಅಣ್ಣಂದಿರು ಇಬ್ಬರೂ ಎಂಬತ್ತು ದಾಟಿಯೇ ಹೋದದ್ದು. ಅವರು ‘ಇಲ್ಲ’ ಎಂದು ಬರೆದುಕೊಂಡರು. ನಾನು ಸುಳ್ಳು ಹೇಳಲಿಲ್ಲ, ಮಗಾ. ಇದನ್ನು ಮಾತ್ರ ನೀನು ನಂಬಬೇಕು.

ಮೂರನೆಯ ದಿನ ಚೈತಾಲಿ ಎಂಬ ಸಣ್ಣ ಪ್ರಾಯದ ಡಾಕ್ಟರ್ ಬಂದರು. ಧಾರವಾಡದ ಕಡೆಯವರು, ನನ್ನನ್ನು ಕಾಕಾ ಎಂದು ಕರೆಯುತ್ತಿದ್ದರು. ನಿಮ್ಮ ಮನೆಯ ಮುಂದಿನ ತಲೆಮಾರಿನವರು ಇದ್ದರೆ ಅವರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ ಎಂದರು. ಡಾಕ್ಟರ ಮಾತು ತಪ್ಪಿಸಬಾರದು ಎಂದು ಕೂಡಲೇ ಬೈಲೂರಿಗೆ ಫೋನ್ ಮಾಡಿ ತಂಗಿ ಸುಗಂಧಿಗೆ ಹೇಳಿದೆ, ಪ್ರಖ್ಯಾತನನ್ನು ಕಳಿಸು ಎಂದು. ಪಾಪ, ಅವನು ಕಾರ್ಕಳದ ಅಂಗಡಿಗೆ ರಜೆ ಹಾಕಿ ಬಂದ. ಬಿ.ಪಿ. ನೋಡಿದರು, ರಕ್ತ ತೆಗೆದರು, ಇ.ಸಿ.ಜಿ. ಮಾಡಿದರು. ಇಪ್ಪತ್ತಾರು ವರ್ಷದ ಹುಡುಗ, ಕಲ್ಲಿನ ಹಾಗಿದ್ದಾನೆ. ನನಗೆ ದೊಡ್ಡ ಸಮಾಧಾನವಾಯಿತು. ಚೈತಾಲಿ ಡಾಕ್ಟರು ಕಾಗದ ನೋಡುತ್ತಾ ‘ಮಗಾ ಆರಾಮದಾನ್ರೀ ಕಾಕಾ’ ಎಂದರು. ಮಗ ಅಲ್ಲ, ತಂಗಿಯ ಮಗ ಎಂದೆ. ‘ಹಂಗಾರ ಮಕ್ಕಳಿಲ್ಲೇನ್ರಿ ನಿಮಗ?’ ಎಂದು ಕೇಳಿದರು. ಒಬ್ಬ ಮಗ ಇದ್ದಾನೆ, ಮಸ್ಕತ್ತಿನಲ್ಲಿ, ಆದರೆ ಅವನು ನಮ್ಮ ಕುಟುಂಬದವನಲ್ಲ ಎಂದೆ. ಅವರ ಪೆನ್ನು ನಿಂತಿತು. ನಿನಗೂ ನನಗೂ ಜಗಳ ಎಂದುಕೊಂಡರೋ, ಸಾಕು ಮಗ ಎಂದುಕೊಂಡರೋ, ಸ್ವರ ತಗ್ಗಿಸಿ ‘ಇರ್ಲಿ ಬಿಡ್ರಿ, ಹೇಳೂದು ಬ್ಯಾಡ’ ಎಂದರು. ಪಕ್ಕದಲ್ಲಿದ್ದ ಪ್ರಖ್ಯಾತ ನಗು ತಡೆಯಲಾಗದೆ ಹೊರಗೆ ಹೋದ.

ಹಾಗಾಗಿ ನಾನು ಅವರಿಗೆ ಮೊದಲಿನಿಂದ ವಿವರಿಸಬೇಕಾಯಿತು. ನಮ್ಮಲ್ಲಿ ಬರಿ ಎಂದು ಒಂದಿದೆ, ಅದು ತಾಯಿಯಿಂದ ಮಕ್ಕಳಿಗೆ ಬರುವ ಬಳ್ಳಿ. ನಾನು ನನ್ನ ಅಮ್ಮನ ಬರಿ, ತಂಗಿ ಸುಗಂಧಿಯೂ ಅದೇ, ಅವಳ ಮಗ ಪ್ರಖ್ಯಾತನೂ ಅದೇ. ನನ್ನ ಹೆಂಡತಿ ಗುಣವತಿಯದು ಬೇರೆ ಬರಿ, ನನ್ನ ಮಗ ಅವಳ ಬರಿ, ಅವನಿಗೆ ಹಿರಿಯರು ಅವನ ಧರ್ಮಪಾಲ ಮಾವ. ನಾನಿರುವ ಮನೆ ಕೂಡ ಹೆಂಡತಿಯ ಕಡೆಯಿಂದ ಬಂದದ್ದು. ಬೈಲೂರಿನ ಮನೆಯ ದೈವದ ಚಾಕರಿಗೆ ಮುಂದೆ ನಿಲ್ಲಬೇಕಾದವನು ಪ್ರಖ್ಯಾತ. ಕಾನೂನು ಬೇರೆಯಾಗಿದೆ ಎನ್ನುತ್ತಾರೆ, ಆಗಿರಬಹುದು, ನಾವು ಮನಸ್ಸಿನಲ್ಲಿ ಎಣಿಸುವುದು ಹೀಗೆ ಎಂದೆ. ಅವರು ಎಲ್ಲ ಕೇಳಿ, ‘ಕಾಕಾ, ನಿಮ್ಮ ಅಪ್ಪಾರು ಹೆಂಗ ತೀರಿಕೊಂಡ್ರು?’ ಎಂದು ಕೇಳಿದರು.

ನನ್ನ ಅಪ್ಪ ಹೋದಾಗ ಅವರಿಗೆ ನಲವತ್ತಾರು. ಗದ್ದೆಯ ಹುಣಿಯಲ್ಲಿ, ಬದುವಿನ ಮೇಲೆ ಕುಳಿತು ನೀರು ಕೇಳಿದರು, ನೀರು ತರುವಾಗ ಇರಲಿಲ್ಲ. ವಾಯು ಎದೆಗೆ ಏರಿತು ಎಂದರು ಊರವರು. ಅವರ ತಮ್ಮ ಒಬ್ಬರು ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಕುಸಿದರು, ಐವತ್ತೊಂದು. ಇನ್ನೊಬ್ಬರು ಮದುವೆಯ ಊಟಕ್ಕೆ ಕುಳಿತಲ್ಲೇ, ನಲವತ್ತನಾಲ್ಕು. ಅದಕ್ಕೆ ದೃಷ್ಟಿ ಎಂದರು. ಇದನ್ನೆಲ್ಲ ನಾನು ಊರಿನ ಸುದ್ದಿ ಹೇಳಿದ ಹಾಗೆ ಹೇಳುತ್ತಾ ಹೋದೆ. ಚೈತಾಲಿ ಡಾಕ್ಟರು ಪೆನ್ನು ಕೆಳಗಿಟ್ಟರು. ‘ಅಲ್ರೀ ಕಾಕಾ, ಮೊದಲ್ನೇ ದಿನ ಕೇಳಿದ್ರ ಯಾರಿಗೂ ಇಲ್ಲ ಅಂದೀರಿ’ ಎಂದರು. ಅವರು ಅಪ್ಪನ ಕಡೆಯವರು ಎಂದೆ. ನನ್ನ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತು ಎಂದರೆ, ಬಂದ ಮೇಲೆ ನನಗೇ ನಾಚಿಕೆಯಾಯಿತು. ಆ ಇಬ್ಬರು ಚಿಕ್ಕಪ್ಪಂದಿರು ಸತ್ತಾಗ ನನಗೆ ಸೂತಕವೂ ಇರಲಿಲ್ಲ, ಬೇರೆ ಬರಿಯವರಲ್ಲವೇ. ಸುಟ್ಟು ಬಂದು ಸ್ನಾನ ಮಾಡಿ ಮರುದಿನ ಬಸ್ ಹತ್ತಿದ್ದೆ. ಸೂತಕ ಇಲ್ಲದ ಸಾವು ಮನಸ್ಸಿನಲ್ಲೂ ನಿಲ್ಲಲಿಲ್ಲ. ಮೂವರದ್ದೂ ಒಂದೇ ಕಾಯಿಲೆ ಇರಬಹುದು ಎಂದು ನಲವತ್ತು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆಯಲಿಲ್ಲ. ಡಾಕ್ಟರು ನಿನ್ನ ಪ್ರಾಯ ಕೇಳಿದರು, ಮೂವತ್ತನಾಲ್ಕು ಎಂದೆ. ಸಿಗರೇಟು ಸೇದುತ್ತಾನಾ ಎಂದರು. ಬಾವಿಕಟ್ಟೆಯ ಹಿಂದೆ ಎಂದೆ. (ನನಗೆ ಗೊತ್ತಿಲ್ಲ ಎಂದುಕೊಂಡಿದ್ದೆಯಾ? ಮೇ ತಿಂಗಳಲ್ಲಿ ಅಲ್ಲಿ ತುಂಡುಗಳನ್ನು ಗುಡಿಸಿದವನು ನಾನೇ.) ಯಾವಾಗಲಾದರೂ ಎದೆ, ಭುಜ, ದವಡೆ ಎಂದು ಏನಾದರೂ ಹೇಳಿದ್ದಾನಾ ಎಂದರು. ಆಗ ನನಗೆ ದಾರಂದ ಹಿಡಿದು ನಿಂತ ನೀನು ಕಂಡೆ. ಆಮೇಲೆ ಅವರು ಹೇಳಿದ್ದು ಅರ್ಧ ಕಿವಿಗೆ ಬೀಳಲಿಲ್ಲ.

ಅಂದಿನಿಂದ ನನಗೆ ಹಿಡಿದಿರುವ ಗೊಂದಲ ಏನು ಎಂದು ಬರೆಯಲು ನೋಡುತ್ತೇನೆ, ಸರಿಯಾಗಿ ಬರುವುದಿಲ್ಲ. ನೀನು ಹುಟ್ಟಿದ ದಿನದಿಂದ ನಾನು ಸ್ವಲ್ಪ ಬದಿಗೆ ನಿಂತೇ ಇದ್ದವನು. ನಿನಗೆ ಹೆಸರು ಇಟ್ಟವರು ಧರ್ಮಪಾಲ ಮಾವ, ಶಾಲೆಗೆ ಸೇರಿಸಿದವರು ಅವರು, ಗಲ್ಫಿಗೆ ಹೋಗಲಿ ಎಂದವರು ಅವರು. ನಾನು ಬೇಸರದಿಂದ ಹೇಳುತ್ತಿಲ್ಲ, ಅವರು ಒಳ್ಳೆಯವರು, ಮತ್ತು ನಾನೂ ಪ್ರಖ್ಯಾತನಿಗೆ ಅಷ್ಟೇ ಮಾಡಿದ್ದೇನೆ. ಆದರೆ ನನ್ನಿಂದ ನಿನಗೆ ಬರುವಂಥದ್ದು ಏನೂ ಇಲ್ಲ ಎಂದೇ ನಾನು ತಿಳಿದಿದ್ದೆ. ಈಗ ನೋಡಿದರೆ ಬರಬಾರದ್ದು ಬಂದಿರಬಹುದು ಎನ್ನುತ್ತಾರೆ. ಒಂದು ಕ್ಷಣ, ಬೈಯಬೇಡ, ಒಂದೇ ಒಂದು ಕ್ಷಣ ನನಗೆ ಖುಷಿಯಂಥದ್ದು ಏನೋ ಆಯಿತು. ನನ್ನದು ಎನ್ನುವಂಥದ್ದು ಅವನಲ್ಲೂ ಇದೆಯಲ್ಲ ಎಂದು. ಮರುಕ್ಷಣವೇ ಅಳು ಬಂತು. ಅಮ್ಮ ಸ್ಟೆಂಟ್ ನೋಯುತ್ತದಾ ಎಂದು ಕೇಳಿದಳು, ಹೌದು ಎಂದೆ.

ನೋಡಲು ಬಂದವರು ಇನ್ನಷ್ಟು ಮಂಡೆಬಿಸಿ ಮಾಡಿ ಹೋದರು. ಒಬ್ಬರು ಬೆಳ್ಳುಳ್ಳಿ ತಿಂದರೆ ಸಾಕು ಎಂದರು. ಒಬ್ಬರು ತೆಂಗಿನೆಣ್ಣೆ ವಿಷ ಎಂದರು, ಇನ್ನೊಬ್ಬರು ತೆಂಗಿನೆಣ್ಣೆ ಬಿಟ್ಟದ್ದೇ ಎಲ್ಲದಕ್ಕೂ ಕಾರಣ ಎಂದರು. ಮೀನು ಪೂರಾ ನಿಲ್ಲಿಸು ಎಂದವರೂ ಇದ್ದಾರೆ. ಅದನ್ನು ಕೇಳಿ ಅಟ್ಯಾಕಿಗಿಂತ ಹೆಚ್ಚು ಹೆದರಿದೆ. ಒಂದು ತಿಂಗಳಾದ ಮೇಲೆ ಮಾತ್ರೆ ಬಿಡಬಹುದು ಎಂದು ಅಂಗಾರ ಹೇಳಿದ. ಕೊನೆಗೆ ಚೈತಾಲಿ ಡಾಕ್ಟರನ್ನೇ ಕೇಳಿದೆ. ಮೀನಿನ ಗಸಿ ತಿನ್ನಬಹುದಂತೆ, ದಿನಾ ಫ್ರೈ ಬೇಡವಂತೆ. ಉಪ್ಪು ಕಡಿಮೆ, ಅಂದರೆ ಒಣಮೀನು, ಉಪ್ಪಿನಕಾಯಿ, ಹಪ್ಪಳಕ್ಕೆ ನಮಸ್ಕಾರ. ದಿನಕ್ಕೆ ಅರ್ಧ ಗಂಟೆ ನಡಿಗೆ, ಅವರು ಹೇಳಿದಷ್ಟೇ ಮೆಲ್ಲ. ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಿದರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುತ್ತದಂತೆ. ಬೀಡಿಯನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟೆ. ಕಟ್ಟಿನಲ್ಲಿ ಅಮ್ಮ ನಿನಗೆಂದು ಇಟ್ಟಿದ್ದ ಒಣಸಿಗಡಿಯಲ್ಲಿ ಮುಕ್ಕಾಲು ಪಾಲು ನಾನು ತೆಗೆದು ಪಕ್ಕದ ಮನೆಗೆ ಕೊಟ್ಟಿದ್ದೇನೆ, ಅವಳಿಗೆ ಹೇಳಬೇಡ.

ಇನ್ನೊಂದು ತಪ್ಪು ಒಪ್ಪಿಕೊಳ್ಳುವುದಿದೆ. ಜೂನ್‌ನಲ್ಲಿ ಹೊಸ ಕಂಪನಿಯ ಮೆಡಿಕಲ್ ಫಾರ್ಮ್ ತುಂಬುವಾಗ ನೀನು ಫೋನ್ ಮಾಡಿದ್ದೆ, ‘ಕುಟುಂಬದಲ್ಲಿ ಯಾರಿಗಾದರೂ ಹಾರ್ಟಿಂದು ಉಂಟಾ ಅಂತ ಕೇಳಿದ್ದಾರೆ, ಎಂತ ಹಾಕುದಪ್ಪಾ?’ ಎಂದು. ಆಗ ನಾನು ನಕ್ಕು, ನಿನ್ನ ಧರ್ಮಪಾಲ ಮಾವನಿಗೆ ಎಪ್ಪತ್ತೆಂಟು, ಈಗಲೂ ಮಾಡು ಹತ್ತಿ ಹಂಚು ಸರಿ ಮಾಡುತ್ತಾರೆ, ಧೈರ್ಯವಾಗಿ ಇಲ್ಲ ಎಂದು ಹಾಕು ಎಂದೆ. ನನ್ನ ಅಪ್ಪ ನೆನಪಾಗಲಿಲ್ಲ. ನಾನೇ ನೆನಪಾಗಲಿಲ್ಲ. ನೀನು ಕೇಳಿದ್ದು ನಿನ್ನ ಅಪ್ಪನನ್ನು, ಉತ್ತರ ಕೊಟ್ಟವನು ನಿನ್ನ ಮಾವನನ್ನು ಎಣಿಸಿಕೊಂಡ. ನಿನ್ನನ್ನು ಪರೀಕ್ಷಿಸಿದವರು ಆ ಒಂದು ‘ಇಲ್ಲ’ ನೋಡಿ ಮುಂದಕ್ಕೆ ಹೋಗಿರಬಹುದು. ಹಾಗಾಗಿ ಈ ಪತ್ರ ಕೈಗೆ ಬಂದ ದಿನವೇ ಹೃದಯದ ಡಾಕ್ಟರ ಹತ್ತಿರ ಹೋಗು. ನಾನು ಬರೆದ ಮೂವರ ಪ್ರಾಯ, ಜೊತೆಗೆ ನನ್ನದು, ಎಲ್ಲ ಹೇಳು. ಏರು ಹತ್ತುವಾಗ ಬರುತ್ತದೆ, ನಿಂತರೆ ಹೋಗುತ್ತದೆ ಎಂಬುದನ್ನು ಮರೆಯದೆ ಹೇಳು. ಆಗ ಕಂಪನಿಯ ಮೆಡಿಕಲ್‌ನಲ್ಲಿ ಮಾಡಿದ ಇ.ಸಿ.ಜಿ. ಸರಿ ಇತ್ತು ಎಂದು ಸುಮ್ಮನಾಗಬೇಡ. ಸುಮ್ಮನೆ ಮಲಗಿರುವಾಗ ತೆಗೆದ ಇ.ಸಿ.ಜಿ.ಯಲ್ಲಿ ಇದು ಸಿಗದೆಯೂ ಇರಬಹುದಂತೆ. ಕೊಲೆಸ್ಟರಾಲ್, ಬಿ.ಪಿ., ಶುಗರ್ ಎಲ್ಲ ನೋಡಿಸು. ಒಂದು ವೇಳೆ ಕುಳಿತಲ್ಲೇ ಬಂದು ಬಿಡದೆ ಹಿಡಿದರೆ, ಬೆವರು ಬಂದರೆ, ಸೋಡಾ ಹುಡುಕಬೇಡ, ಗಾಡಿ ನೀನೇ ಓಡಿಸಬೇಡ, ಕೂಡಲೇ ಆಂಬುಲೆನ್ಸ್ ಕರೆಸು. ಏನೂ ಇಲ್ಲ ಎಂದು ಡಾಕ್ಟರು ಹೇಳಿದರೆ ಈ ಅಪ್ಪನನ್ನು ಹುಚ್ಚ ಎಂದು ನಗು, ನಾನೂ ನಿನ್ನ ಜೊತೆ ನಗುತ್ತೇನೆ.

ತೃಷಾಳಿಗೆ ನನ್ನ ವಿಶೇಷ ಆಶೀರ್ವಾದ. ಅವಳ ಮಾತು ಕೇಳು, ನಿನಗಿಂತ ಅವಳಿಗೆ ಬುದ್ಧಿ ಹೆಚ್ಚು. ಧರ್ಮಪಾಲ ಮಾವನಿಗೆ, ಸುಗಂಧಿ ಅತ್ತೆಗೆ ವಾರಕ್ಕೊಮ್ಮೆಯಾದರೂ ಫೋನ್ ಮಾಡು. ನಾನು ಪತ್ರ ಬರೆದದ್ದು ಅಮ್ಮನಿಗೆ ನೀನಾಗಿ ಹೇಳಬೇಡ, ನಾನೇ ಸಮಯ ನೋಡಿ ಬೈಸಿಕೊಳ್ಳುತ್ತೇನೆ. ದೇವರು ನಿನಗೆ ನಿನ್ನ ಅಮ್ಮನ ಕಡೆಯವರ ಆಯುಷ್ಯ ಕೊಡಲಿ.

ಇತಿ ನಿನ್ನ ಅಪ್ಪ,
ಉಮಾನಾಥ

ವಿ.ಸೂ.: ಈಗ ಮೂರೂವರೆ ಗಂಟೆ. ಕಟ್ಟನ್ನು ಲೆಸ್ಟರ್‌ನ ಮನೆಗೆ ಮುಟ್ಟಿಸಲು ಪ್ರಖ್ಯಾತ ಬಂದು ನಿಂತಿದ್ದಾನೆ. ಅಷ್ಟರಲ್ಲಿ ತೃಷಾ ನನಗೆ ಫೋನ್ ಮಾಡಿದಳು. ಮೊದಲು ನಿನಗೆ ಹೇಳಬೇಡಿ ಎಂದಳು, ಹೇಳುತ್ತಿದ್ದೇನೆ. ಬೆಳಿಗ್ಗೆಯಿಂದ ಡ್ಯೂಟಿಗೆ ಹೋಗದೆ ಮಲಗಿದ್ದೀಯಂತೆ. ಅರ್ಧ ಗಂಟೆಯಿಂದ ಎದೆ ಭಾರ, ದವಡೆ ಹಿಡಿದಿದೆ, ಎ.ಸಿ. ಹಾಕಿದ ಕೋಣೆಯಲ್ಲಿ ದಿಂಬು ಒದ್ದೆಯಾಗುವಷ್ಟು ಬೆವರು. ಗ್ಯಾಸಿನ ಪುಡಿ ಕುಡಿದಿದ್ದೇನೆ, ಸಾಯಂಕಾಲ ನೋಡುವ ಎಂದೆಯಂತೆ. ಆಂಬುಲೆನ್ಸ್ ಕರೆ ಎಂದು ಅವಳಿಗೆ ಹೇಳಿದೆ, ಕರೆದಿದ್ದಾಳೆ. ನೀನು ಬರುವುದಿಲ್ಲ ಎಂದು ಹಟ ಮಾಡುತ್ತಿದ್ದೀಯಂತೆ, ನನ್ನ ಹತ್ತಿರ ಮಾತಾಡಲೂ ಒಪ್ಪುವುದಿಲ್ಲವಂತೆ. ಇನ್ನು ಲೆಸ್ಟರನ್ನೂ ಗುರುವಾರವನ್ನೂ ಕಾಯುವ ಹೊತ್ತಿಲ್ಲ. ಪ್ರಖ್ಯಾತ ಈ ಪುಟದ ಫೋಟೋ ತೆಗೆದು ತೃಷಾಳ ಮೊಬೈಲಿಗೆ ಹಾಕುತ್ತಾನೆ, ಅವಳು ನಿನ್ನ ಮುಖದ ಮುಂದೆ ಹಿಡಿಯುತ್ತಾಳೆ. ಮೊದಲಿನ ಪುಟಗಳನ್ನೂ ಆಮೇಲೆ ಹಾಕುತ್ತಾನೆ, ಆಸ್ಪತ್ರೆಯಲ್ಲಿ ಓದು. ನನಗೆ ಇದೇ ಆಗಿತ್ತು, ಇದೇ ಭಾರ, ಇದೇ ಬೆವರು, ಹಾರ್ಟ್ ಅಟ್ಯಾಕ್, ನಾವು ನಿನ್ನಿಂದ ಮುಚ್ಚಿಟ್ಟಿದ್ದೆವು. ಮೆಟ್ಟಿಲು ನಡೆದು ಇಳಿಯಬೇಡ, ಬಂದವರು ಎತ್ತಿಕೊಂಡು ಹೋಗಲಿ, ನಾಚಿಕೆ ಬೇಡ. ಅಲ್ಲಿ ನಿನ್ನ ಮನೆಯವರಲ್ಲಿ ಯಾರಿಗೆ ಇತ್ತು ಎಂದು ಕೇಳುತ್ತಾರೆ. ಅಪ್ಪನಿಗೆ ಎಂದು ಹೇಳು. ನೀನು ಯಾರ ಬರಿಯಾದರೂ ಇರು, ನೀನು ನನ್ನವನು. ಹೊರಡು ಮಗಾ.